ಎರಡನೆಯ ಅಂಕಣ

ರಾತ್ರಿ ಹತ್ತು ಗಂಟೆಯಾದ ಮೇಲೂ ಮೊಮ್ಮಗನ ಕೋಣೆಯಲ್ಲಿ ದೀಪ ಉರಿಯುತ್ತಿರುವುದನ್ನು ಕಂಡು ನಾನು ಬಹುದಿನ ಸಂತೋಷಪಟ್ಟಿದ್ದೆ. ಎರಡನೆಯ ಪಿ.ಯು.ಸಿ. ಓದುವ ಹುಡುಗ, ಕಲನಶಾಸ್ತ್ರದ ಲೆಕ್ಕಗಳೊಡನೆ ಗುದ್ದಾಡುತ್ತಿರಬೇಕೆಂಬುದು ನನ್ನ ಊಹೆ. ಒಂದು ರಾತ್ರಿ ನೀರು ಕುಡಿಯಲೆಂದು ಎದ್ದವನು ಬಾಗಿಲ ಸಂದಿಯಿಂದ ಇಣುಕಿ ನೋಡಿದಾಗ ನಿಜಾಂಶ ತಿಳಿಯಿತು. ಬಿಳೇಕಹಳ್ಳಿಯ ನಮ್ಮ ಮನೆಯ ಹಿಂಬದಿಯ ಕೋಣೆಯಲ್ಲಿ ಕುಳಿತು ಅವನು ಅಮೆರಿಕ ದೇಶದ ಒಂದು ಬೇಸ್‌ಬಾಲ್ ತಂಡದ ಆಡಳಿತ ನಡೆಸುತ್ತಿದ್ದನು. ತಂಡ ಕಲ್ಪಿತ, ಆಟಗಾರರು ಕಲ್ಪಿತ, ಪಂದ್ಯ ನಡೆಯುವುದು ಗಣಕಯಂತ್ರದ ಒಳಗೆ. ಆದರೆ ಹುಡುಗನ ಮುಖದ ಮೇಲಿದ್ದ ಚಿಂತೆ ಮಾತ್ರ ಕಲ್ಪಿತವಾಗಿರಲಿಲ್ಲ.

ಗದರಿಸಬೇಕೆಂದು ಒಳಗೆ ಹೋದ ನಾನು ಅರ್ಧ ಗಂಟೆ ಅಲ್ಲಿಯೇ ಕುಳಿತುಬಿಟ್ಟೆನೆಂದು ಒಪ್ಪಿಕೊಳ್ಳುವುದು ಒಳ್ಳೆಯದು. ಮೂವತ್ತಕ್ಕೂ ಹೆಚ್ಚು ವರ್ಷ ಗಣಿತದ ಉಪಾಧ್ಯಾಯನಾಗಿದ್ದವನಿಗೆ ಅಂಕಪಟ್ಟಿಯನ್ನು ಕಂಡರೆ ಕಾಲು ನಿಲ್ಲುತ್ತದೆ. ಪರದೆಯ ತುಂಬ ಅಂಕಗಳೇ. ಒಬ್ಬೊಬ್ಬ ಆಟಗಾರನ ಹೆಸರಿನ ಮುಂದೆ ಎರಡು ಅಂಕಣ: ಒಂದರಲ್ಲಿ ಅವನ ಇಂದಿನ ಸಾಮರ್ಥ್ಯ, ಇನ್ನೊಂದರಲ್ಲಿ ಅವನು ಮುಂದೆ ಮುಟ್ಟಬಹುದಾದ ಎತ್ತರ. ಮೊದಲನೆಯದರಲ್ಲಿ 30 ಇದ್ದ ಒಬ್ಬ ಹುಡುಗನಿಗೆ ಎರಡನೆಯದರಲ್ಲಿ 65 ಇತ್ತು. ಮತ್ತೊಬ್ಬನಿಗೆ 45 ಮತ್ತು 45. ಈ ಎರಡನೆಯವನು ಬೆಳೆದಷ್ಟು ಬೆಳೆದಾಯಿತು ಎಂದು ಯಂತ್ರ ತೀರ್ಪು ಕೊಟ್ಟಂತಿತ್ತು. “ತಾತ, ಇವರಲ್ಲಿ ಯಾರನ್ನು ಇಟ್ಟುಕೊಳ್ಳಲಿ?” ಎಂದು ಹುಡುಗ ಕೇಳಿದ. ಆ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಈ ಬಗೆಯ ಆಟ ನಮಗೆ ತೀರ ಹೊಸದೇನೂ ಅಲ್ಲ. ನಾನು ಜಯನಗರದಲ್ಲಿ ಹೈಸ್ಕೂಲು ಓದುತ್ತಿದ್ದಾಗ, ಅಂದರೆ ಎರಪಳ್ಳಿ ಪ್ರಸನ್ನರ ನಾಯಕತ್ವದಲ್ಲಿ ಕರ್ನಾಟಕ ಮೊದಲ ಸಲ ರಣಜಿ ಟ್ರೋಫಿಯನ್ನು ಗೆದ್ದು, ಹದಿನೈದು ವರ್ಷ ಒಂದೇ ಸಮನೆ ಗೆದ್ದಿದ್ದ ಮುಂಬಯಿಯ ಓಟವನ್ನು ತಡೆದ 1974ರ ಸುಮಾರಿಗೆ, ಬಿಳೇಕಹಳ್ಳಿ ಊರಾಚೆಯ ಹಳ್ಳಿ. ನಮಗೆ ಇದ್ದ ಆಟದ ಯಂತ್ರವೆಂದರೆ ಪಠ್ಯಪುಸ್ತಕ. ಪುಸ್ತಕ ಕ್ರಿಕೆಟ್ ಆಡದ ಹುಡುಗ ಆ ಕಾಲದಲ್ಲಿ ಇದ್ದನೆಂದು ನಾನು ನಂಬಲಾರೆ. ಕಣ್ಣು ಮುಚ್ಚಿ ಪುಸ್ತಕ ತೆರೆಯುವುದು. ಎಡಗಡೆಯ ಪುಟದ ಕೊನೆಯ ಅಂಕೆ 2, 4, 6 ಆದರೆ ಅಷ್ಟು ರನ್ನು, 8 ಆದರೆ ಒಂದು ರನ್ನು, ಸೊನ್ನೆ ಬಂದರೆ ಔಟು. ಬೆನ್ನು ಮುರಿದ ಪುಸ್ತಕ ಯಾವಾಗಲೂ ಒಂದೇ ಪುಟಕ್ಕೆ ತೆರೆದುಕೊಳ್ಳುತ್ತದೆಂಬ ರಹಸ್ಯವನ್ನು ಅರಿತ ಕೆಲವು ಮಹನೀಯರು ಅಂಥ ಪುಸ್ತಕವನ್ನೇ ಆರಿಸಿ ತರುತ್ತಿದ್ದರು.

ಆ ಆಟದಲ್ಲಿ ಒಂದು ಕೊರತೆಯಿತ್ತು. ಗುಂಡಪ್ಪ ವಿಶ್ವನಾಥರಿಗೂ ಭಾಗವತ ಚಂದ್ರಶೇಖರರಿಗೂ ಪುಸ್ತಕದ ಪುಟಗಳು ಭೇದವೆಣಿಸುತ್ತಿರಲಿಲ್ಲ. ಲೆಕ್ಕ ಹಾಕಿ ನೋಡಿ: ಐದರಲ್ಲಿ ಒಂದು ಸಲ ಔಟು, ಆದ್ದರಿಂದ ಔಟಾಗುವ ಮೊದಲು ಸರಾಸರಿ ನಾಲ್ಕು ಸಲ ರನ್ನು, ಆ ಒಂದೊಂದು ಸಲಕ್ಕೂ ಸರಾಸರಿ ಮೂರೂಕಾಲು. ಯಾರೇ ಆಡಲಿ, ಅವನ ಸರಾಸರಿ 13. ಒಂದು ಮಧ್ಯಾಹ್ನ ನಮ್ಮ ಚಂದ್ರಶೇಖರ್ ಅರ್ಧ ಶತಕ ಬಾರಿಸಿ ವಿಶ್ವನಾಥ್ ಸೊನ್ನೆಗೆ ಮರಳಿದಾಗ ತರಗತಿಯ ಆತ್ಮಸಾಕ್ಷಿ ಎಚ್ಚೆತ್ತಿತು. ಇಬ್ಬರಿಗೂ ಬೇರೆ ಬೇರೆ ನಿಯಮ ಬರೆದೆವು. ಚಂದ್ರಶೇಖರರಿಗೆ ಸೊನ್ನೆ ಬಂದರೂ ಔಟು, ನಾಲ್ಕು ಬಂದರೂ ಔಟು. ವಿಶ್ವನಾಥರಿಗೆ ಸೊನ್ನೆ ಬಂದರೆ ಪುಸ್ತಕವನ್ನು ಇನ್ನೊಮ್ಮೆ ತೆರೆಯುವ ಅವಕಾಶ. ಎರಡನೆಯ ಸಲವೂ ಸೊನ್ನೆಯೇ ಬಂದರೆ ಮಾತ್ರ ಔಟು.

ಬಹಳ ವರ್ಷಗಳ ಮೇಲೆ, ಸಂಭವನೀಯತೆಯ ಪಾಠ ಮಾಡುವಾಗ, ಈ ನಿಯಮಗಳನ್ನು ಕರಿಹಲಗೆಯ ಮೇಲೆ ಬಿಡಿಸಿ ನೋಡಿದೆ. ಚಂದ್ರಶೇಖರರ ಪುಸ್ತಕದ ಸರಾಸರಿ ನಾಲ್ಕೂವರೆ ಬಂತು. ಟೆಸ್ಟ್ ಪಂದ್ಯಗಳಲ್ಲಿ ಅವರ ನಿಜವಾದ ಬ್ಯಾಟಿಂಗ್ ಸರಾಸರಿ 4.07. ಹದಿಮೂರು ವರ್ಷದ ಹುಡುಗರು ಕತ್ತಲಲ್ಲಿ ಎಸೆದ ಕಲ್ಲು ಗುರಿಗೆ ಅಷ್ಟು ಹತ್ತಿರ ಬಿದ್ದಿತ್ತು. ವಿಶ್ವನಾಥರದು 78 ಬಂತು! ಅವರು 91 ಟೆಸ್ಟ್‌ಗಳಲ್ಲಿ 6,080 ರನ್ ಗಳಿಸಿದರು, ಸರಾಸರಿ 41.93. ಒಂದರಲ್ಲಿ ನಮ್ಮ ಕಣ್ಣು ಅಳೆದಿತ್ತು, ಇನ್ನೊಂದರಲ್ಲಿ ನಮ್ಮ ಪ್ರೀತಿ ಅಳೆದಿತ್ತು. ಅಂಕ ಕೊಟ್ಟವರ ಹೃದಯ ಅಂಕದೊಳಗೆ ಹೇಗೆ ಸೇರಿಕೊಳ್ಳುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಮುಂದೆಲ್ಲೂ ಸಿಗಲಿಲ್ಲ.

ನಾವು ಮಾಡಿದ ಕೆಲಸವನ್ನೇ ಅಮೆರಿಕದವರು ನಮಗಿಂತ ಮೊದಲೇ ಮಾಡಿದ್ದರು. 1951ರಲ್ಲಿ ‘ಆಪ್ಬಾ’ ಎಂಬ ಆಟ ಮಾರುಕಟ್ಟೆಗೆ ಬಂತು. 1961ರಲ್ಲಿ ಹ್ಯಾಲ್ ರಿಚ್‌ಮನ್ ಎಂಬಾತ ‘ಸ್ಟ್ರಾಟ್-ಓ-ಮ್ಯಾಟಿಕ್’ ಆಟವನ್ನು ಹೊರತಂದ. ಪ್ರತಿಯೊಬ್ಬ ಬೇಸ್‌ಬಾಲ್ ಆಟಗಾರನಿಗೂ ಒಂದೊಂದು ಚೀಟಿ. ದಾಳ ಉರುಳಿಸಿದರೆ ಅವನವನ ಚೀಟಿಯ ಪ್ರಕಾರ ಅವನವನ ಫಲ. ಮೊಮ್ಮಗ ಆಡುವ ‘ಔಟ್ ಆಫ್ ದಿ ಪಾರ್ಕ್ ಬೇಸ್‌ಬಾಲ್’ ಮೊದಲು ಹೊರಬಂದದ್ದು 1999ರಲ್ಲಿ. ಅದನ್ನು ರಚಿಸಿದ ಮಾರ್ಕುಸ್ ಹೈನ್‌ಸೋನ್ ಜರ್ಮನಿಯವನು. ಬೇಸ್‌ಬಾಲನ್ನು ಹೆಚ್ಚಾಗಿ ಆಡದ ನಾಡಿನವನೊಬ್ಬ ಆ ಆಟದ ಇಷ್ಟು ಸೂಕ್ಷ್ಮವಾದ ಪ್ರತಿಸೃಷ್ಟಿಯನ್ನು ಮಾಡಿದನಲ್ಲಾ ಎಂಬುದು ನನಗೆ ಹಿತವಾದ ಸಂಗತಿಯಾಗಿ ತೋರಿತು.

ಹಳೆಯ ಚೀಟಿಗಳಿಗೂ ಈ ಗಣಕದ ಆಟಕ್ಕೂ ಇರುವ ದೊಡ್ಡ ವ್ಯತ್ಯಾಸವೇ ಆ ಎರಡನೆಯ ಅಂಕಣ. ಚೀಟಿ ಹೇಳುವುದು ಆದದ್ದನ್ನು; ಈ ಅಂಕಣ ಹೇಳುವುದು ಆಗಬಹುದಾದದ್ದನ್ನು. 1987ರಲ್ಲಿ ಆರಂಭವಾದ ಕ್ರಿಕೆಟ್‌ನ ಜಾಗತಿಕ ಶ್ರೇಯಾಂಕ ಪದ್ಧತಿಯಲ್ಲಿ ಸಾವಿರಕ್ಕೆ ಎಷ್ಟು ಎಂದು ಅಂಕ ಕೊಡುತ್ತಾರೆ. ಡಾನ್ ಬ್ರಾಡ್‌ಮನ್‌ಗೆ ಸಲ್ಲುವ ಅತ್ಯುಚ್ಚ ಅಂಕ 961 ಎಂದು ಹಿಂದಕ್ಕೆ ಹೋಗಿ ಲೆಕ್ಕ ಮಾಡಿದ್ದಾರೆ. ಅದರಲ್ಲಿಯೂ ನಾಳೆಯ ಅಂಕಣವಿಲ್ಲ. ಆ ಸಂಯಮ ಮೆಚ್ಚತಕ್ಕದ್ದು.

ಇಂಗ್ಲಿಷಿನಲ್ಲಿ ಆ ಅಂಕಣದ ತಲೆಯ ಮೇಲೆ ‘ಪೊಟೆನ್ಷಿಯಲ್’ ಎಂದು ಬರೆದಿರುತ್ತದೆ. ಕನ್ನಡದಲ್ಲಿ ಇದನ್ನು ‘ಸುಪ್ತ ಸಾಮರ್ಥ್ಯ’ ಎನ್ನುವುದುಂಟು. ನನಗೆ ಆ ಮಾತು ಹಿಡಿಸದು. ಹುಡುಗನ ಒಳಗೆ ನಿಶ್ಚಿತ ಗಾತ್ರದ ಏನೋ ಒಂದು ಮಲಗಿದೆ, ಎಬ್ಬಿಸಿದರಾಯಿತು ಎಂಬ ಭ್ರಮೆಯನ್ನು ಅದು ಹುಟ್ಟಿಸುತ್ತದೆ. ‘ಸಾಧ್ಯತೆ’ ಎಂದರೆ ಸಾಕು. ಸಾಧ್ಯವಾದದ್ದು ಆಗಬಹುದು, ಆಗದೆಯೂ ಹೋಗಬಹುದು.

ಮೊಮ್ಮಗ ನನಗೆ ಅಂಕ ಓದುವ ಕ್ರಮವನ್ನು ಕಲಿಸಿದ. 20ರಿಂದ 80ರವರೆಗಿನ ಈ ಅಳತೆ ಆಟಕ್ಕಾಗಿ ಕಲ್ಪಿಸಿದ್ದಲ್ಲ. ಬೇಸ್‌ಬಾಲ್ ತಂಡಗಳ ಪ್ರತಿಭಾಶೋಧಕರು ನಿಜಜೀವನದಲ್ಲಿ ಬಳಸುವ ಅಳತೆಯೇ ಅದು. 50 ಎಂದರೆ ಸರಾಸರಿ. ಹತ್ತು ಹತ್ತಕ್ಕೆ ಒಂದು ಪ್ರಮಾಣ ವಿಚಲನೆ. ಸಂಖ್ಯಾಶಾಸ್ತ್ರ ಓದಿದವರಿಗೆ ಇಷ್ಟು ಹೇಳಿದರೆ ಉಳಿದದ್ದು ತಾನಾಗಿ ತಿಳಿಯುತ್ತದೆ. 70ನ್ನು ದಾಟುವವರು ನೂರರಲ್ಲಿ ಇಬ್ಬರೋ ಮೂವರೋ. 80 ಎಂಬುದು ಸಾವಿರದಲ್ಲಿ ಒಬ್ಬರಿಗೆ ಸಿಗುವ ಮಾತು. ನಾನು ಪಾಠ ಮಾಡುತ್ತಿದ್ದ ಕಾಲಕ್ಕೆ ನಮ್ಮ ಶಾಲೆಗಳಲ್ಲಿ ಮೂವತ್ತೈದು ಬಂದರೆ ಪಾಸಾಗುತ್ತಿತ್ತು, ನೂರಕ್ಕೆ ನೂರು ಬಂದರೆ ಪತ್ರಿಕೆಯಲ್ಲಿ ಭಾವಚಿತ್ರ. ಅಲ್ಲಿ 50 ಪಡೆದವನು ನಾಚಬೇಕಾದುದೇನೂ ಇಲ್ಲ. ಆದರೆ ಆ ಸರಾಸರಿ ಯಾರ ನಡುವಿನ ಸರಾಸರಿ ಎಂಬುದನ್ನು ನೋಡಿಕೊಳ್ಳಬೇಕು. ಕೆಳಗಿನ ದರ್ಜೆಯ ತಂಡದಲ್ಲಿ ನಾಲ್ಕು ನಕ್ಷತ್ರ ಹೊತ್ತಿದ್ದವನು ಮೇಲಿನ ದರ್ಜೆಗೆ ಏರಿದ ಮರುದಿನ ಒಂದೂವರೆ ನಕ್ಷತ್ರಕ್ಕೆ ಇಳಿದಿರುತ್ತಾನೆ. ಅವನೇನೂ ಕೆಟ್ಟಿಲ್ಲ, ನೆರೆಯವರು ಬದಲಾಗಿದ್ದಾರೆ ಅಷ್ಟೆ. ಹಳ್ಳಿಯ ಶಾಲೆಯಲ್ಲಿ ಮೊದಲಿಗನಾಗಿದ್ದು ಬೆಂಗಳೂರಿನ ಕಾಲೇಜಿಗೆ ಬಂದ ಹುಡುಗನ ಮುಖವನ್ನು ಜುಲೈ ತಿಂಗಳಿನಲ್ಲಿ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎರಡು ಅಂಕಗಳ ನಡುವಿನ ಅಂತರವನ್ನು ವಯಸ್ಸಿನೊಡನೆ ಓದಬೇಕು. ಹತ್ತೊಂಬತ್ತು ವರ್ಷದವನ ‘ಇಂದು 30, ಮುಂದೆ 65’ ಎಂಬುದು ಆಸೆಗೆ ಎಡೆ ಕೊಡುತ್ತದೆ. ಇಪ್ಪತ್ತೇಳು ವರ್ಷದವನ ಹೆಸರಿನ ಮುಂದೆ ಅದೇ ಎರಡು ಅಂಕ ಇದ್ದರೆ ಅದು ಬಹುಮಟ್ಟಿಗೆ ಹಳೆಯ ಆಸೆಯ ಅವಶೇಷ. ಮೊತ್ತಕ್ಕಿಂತ ಬಿಡಿ ಅಂಕಗಳು ಹೆಚ್ಚು ಮಾತಾಡುತ್ತವೆ. ಚೆಂಡೆಸೆಯುವವನಿಗೆ ಚೆಂಡಿನ ಕಸುವು, ಅದರ ಚಲನೆ, ಅದರ ಮೇಲಿನ ಹತೋಟಿ ಎಂದು ಮೂರು; ದಾಂಡಿಗನಿಗೆ ಚೆಂಡನ್ನು ತಾಗಿಸುವ ನೈಪುಣ್ಯ, ಬಲ, ಚೆಂಡನ್ನು ಆರಿಸಿ ಬಿಡುವ ಕಣ್ಣು, ಹೀಗೆ ಹಲವು. ಗಾಯ, ತರಬೇತಿ, ದುಡಿಮೆಯ ಸ್ವಭಾವ, ಬರಿಯ ಅದೃಷ್ಟ, ಇವೆಲ್ಲ ಎರಡನೆಯ ಅಂಕಣವನ್ನು ತಿಂಗಳು ತಿಂಗಳೂ ತಿದ್ದುತ್ತಿರುತ್ತವೆ.

ಇಷ್ಟರವರೆಗೆ ಎಲ್ಲವೂ ಸರಿ. ಆದರೆ ಆ ಆಟದಲ್ಲಿ ನನ್ನನ್ನು ಬೆಚ್ಚಿಸಿದ ಸಂಗತಿ ಬೇರೆ. ಪರದೆಯ ಮೇಲೆ ಕಾಣುವ ಅಂಕ ಆಟಗಾರನದಲ್ಲ. ಯಂತ್ರದೊಳಗೆ ಅವನ ನಿಜವಾದ ಅಂಕ ಬೇರೆಯೇ ಇದೆ, ಅದು ಗುಪ್ತ. ನಮಗೆ ಕಾಣುವುದು ನಮ್ಮ ತಂಡ ಸಂಬಳ ಕೊಟ್ಟು ಇಟ್ಟುಕೊಂಡಿರುವ ಶೋಧಕನೊಬ್ಬನ ಅಭಿಪ್ರಾಯ. ಆ ಶೋಧಕನಿಗೂ ಅಂಕಗಳಿವೆ! ಒಬ್ಬ ಶೋಧಕ ಎಳೆಯರನ್ನು ಅಳೆಯುವುದರಲ್ಲಿ ನಿಪುಣ, ಇನ್ನೊಬ್ಬ ಪಳಗಿದವರನ್ನು ಅಳೆಯುವುದರಲ್ಲಿ. ಒಬ್ಬ ಮೈಕಟ್ಟು ವೇಗಗಳಂಥ ಸಹಜ ಸಲಕರಣೆಗಳಿಗೆ ಮರುಳಾಗುವವನು, ಇನ್ನೊಬ್ಬ ಇಂದಿನ ಆಟವನ್ನಷ್ಟೇ ನಂಬುವವನು. ಇವರಲ್ಲದೆ ಸ್ವತಂತ್ರವಾದ ಒಂದು ಶೋಧಕ ಮಂಡಳಿಯೂ ಅಂಕ ಕೊಡುತ್ತದೆ. ಒಬ್ಬನೇ ಹುಡುಗನಿಗೆ ನಮ್ಮವನು 35 ಕೊಟ್ಟಲ್ಲಿ ಮಂಡಳಿ 50 ಕೊಟ್ಟಿರಬಹುದು. ಶೋಧಕನನ್ನು ಬದಲಾಯಿಸಿದರೆ, ಅಂಗಳದಲ್ಲಿ ಒಂದು ಚೆಂಡೂ ಹಾರದೆ, ಇಡೀ ತಂಡದ ಭವಿಷ್ಯ ಬದಲಾಗುತ್ತದೆ. ಆದ್ದರಿಂದ ಆ ಅಂಕವನ್ನು ಓದುವವನು ಮೊದಲು ಕೇಳಬೇಕಾದದ್ದು ‘ಎಷ್ಟು?’ ಎಂದಲ್ಲ, ‘ಯಾರು ಹೇಳಿದರು?’ ಎಂದು.

ನಮ್ಮ ಚಂದ್ರಶೇಖರರನ್ನೇ ತೆಗೆದುಕೊಳ್ಳೋಣ. ಎಳವೆಯಲ್ಲಿ ಪೋಲಿಯೊ ತಗುಲಿ ಬಲಗೈ ಸೊರಗಿತು. ಮೈದಾನದಲ್ಲಿ ಚೆಂಡು ಹಿಂತಿರುಗಿ ಎಸೆಯುವುದು ಎಡಗೈಯಿಂದ. ಬೌಲ್ ಮಾಡುವುದು ಆ ಸೊರಗಿದ ಬಲಗೈಯಿಂದಲೇ. ಸಹಜ ಸಲಕರಣೆಗಳಿಗೆ ಮರುಳಾಗುವ ಶೋಧಕ ಆ ತೋಳನ್ನು ನೋಡಿ ಎರಡನೆಯ ಅಂಕಣದಲ್ಲಿ ಏನು ಬರೆಯುತ್ತಿದ್ದ? 1971ರಲ್ಲಿ ಓವಲ್ ಮೈದಾನದಲ್ಲಿ ಅದೇ ತೋಳು 38 ರನ್ನಿಗೆ ಆರು ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಉರುಳಿಸಿತು. ಇಂಗ್ಲೆಂಡಿನ ನೆಲದಲ್ಲಿ ಭಾರತ ಮೊದಲ ಸರಣಿ ಗೆದ್ದಿತು. ಒಟ್ಟು 58 ಟೆಸ್ಟ್, 242 ವಿಕೆಟ್. ಗಳಿಸಿದ ರನ್ನು 167 ಮಾತ್ರ. ಚೆಂಡಿಗೆ ಬರುತ್ತಿದ್ದ ಚಾಟಿಯಂಥ ವೇಗಕ್ಕೆ ಆ ತೆಳುವಾದ ತೋಳೇ ಕಾರಣವೆಂದು ಬಲ್ಲವರು ಹೇಳುತ್ತಾರೆ. ಅನಿಲ್ ಕುಂಬ್ಳೆಯವರ ಚೆಂಡು ತಿರುಗುವುದೇ ಇಲ್ಲವೆಂದು ಮೂಗು ಮುರಿದವರಿಗೇನು ಕಡಮೆಯೆ? 1999ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಹತ್ತು ವಿಕೆಟ್ಟುಗಳೂ 74 ರನ್ನಿಗೆ ಅವರ ಪಾಲಾದವು. ಆಟ ಮುಗಿಸಿದಾಗ ವಿಕೆಟ್ಟುಗಳು 619.

ಬೇಸ್‌ಬಾಲಿನವರೂ ಎಡವದೆ ಇಲ್ಲ. 1988ರಲ್ಲಿ ಎಳೆಯ ಆಟಗಾರರನ್ನು ತಂಡಗಳಿಗೆ ಹಂಚುವಾಗ ಮೈಕ್ ಪಿಯಾಟ್ಸ ಎಂಬಾತನನ್ನು ಆರಿಸಿದ್ದು 62ನೆಯ ಸುತ್ತಿನಲ್ಲಿ, 1,390ನೆಯವನಾಗಿ; ಅದೂ ಮನೆತನದ ಸ್ನೇಹಿತನಾಗಿದ್ದ ತಂಡದ ವ್ಯವಸ್ಥಾಪಕನ ದಾಕ್ಷಿಣ್ಯಕ್ಕೆ. ಅವನು 427 ಹೋಮ್ ರನ್ ಹೊಡೆದು 2016ರಲ್ಲಿ ಆ ಆಟದ ಕೀರ್ತಿಮಂದಿರಕ್ಕೆ ಸೇರಿದ. 2008ರಲ್ಲಿ ನಮ್ಮ ದೇಶದಲ್ಲಿಯೇ ಒಂದು ಸ್ಪರ್ಧೆ ನಡೆಸಿ, ಚೆಂಡೆಸೆಯುವ ವೇಗವನ್ನು ಯಂತ್ರದಿಂದ ಅಳೆದು, ಬೇಸ್‌ಬಾಲನ್ನೇ ಕಾಣದ ಇಬ್ಬರು ಉತ್ತರ ಪ್ರದೇಶದ ಹುಡುಗರನ್ನು ಅಮೆರಿಕಕ್ಕೆ ಕರೆದೊಯ್ದರು. ರಿಂಕು ಸಿಂಗ್, ದಿನೇಶ್ ಪಟೇಲ್ ಇಬ್ಬರೂ ಭರ್ಜಿ ಎಸೆತ ಕಲಿತವರು. ಇಬ್ಬರಿಗೂ ಪಿಟ್ಸ್‌ಬರ್ಗ್ ತಂಡದ ಒಪ್ಪಂದ ಸಿಕ್ಕಿತು. ಆದರೆ ಇಬ್ಬರೂ ಅತ್ಯುನ್ನತ ದರ್ಜೆಯವರೆಗೆ ಏರಲಿಲ್ಲ. ವೇಗವೊಂದನ್ನೇ ಅಳೆದ ಯಂತ್ರ ಸುಳ್ಳು ಹೇಳಲಿಲ್ಲ; ಅದನ್ನು ಕೇಳಿದ್ದು ಒಂದೇ ಪ್ರಶ್ನೆ.

ಇನ್ನೊಂದು ಮುಖವೂ ಇದೆ. ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ಮೊದಲ ಟೆಸ್ಟ್ ಆಡಿದಾಗ ಮೊದಲ ಸರದಿಯಲ್ಲಿ ಸೊನ್ನೆ, ಎರಡನೆಯದರಲ್ಲಿ 137. ನಮ್ಮ ಪುಸ್ತಕ ಕ್ರಿಕೆಟ್‌ನ ನಿಯಮದಂತೆ ಅವರಿಗೆ ‘ಇನ್ನೊಮ್ಮೆ ತೆರೆಯುವ’ ಅವಕಾಶವಿತ್ತು. ಪಂದ್ಯಕ್ಕೆ ಎರಡು ಸರದಿ ಇರುವುದು ಎಂಥ ಕರುಣೆ! ಕರುಣ್ ನಾಯರ್ 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ತಮ್ಮ ಮೂರನೆಯ ಟೆಸ್ಟಿನಲ್ಲಿಯೇ ಔಟಾಗದೆ 303 ರನ್ ಗಳಿಸಿದರು. 2017ರ ಮಾರ್ಚ್ ಕಳೆದ ಮೇಲೆ ಅವರಿಗೆ ಮುಂದಿನ ಟೆಸ್ಟ್ ಸಿಕ್ಕಿದ್ದು 2025ರ ಜೂನ್‌ನಲ್ಲಿ. ನಡುವಿನ ಎಂಟು ವರ್ಷಗಳಲ್ಲಿ ಅವರು ಭಾರತಕ್ಕಾಗಿ ಎಷ್ಟು ಟೆಸ್ಟ್ ರನ್ ಗಳಿಸಬಹುದಾಗಿತ್ತೆಂಬುದನ್ನು ಯಾವ ಶೋಧಕನೂ ಹೇಳಲಾರ. ಆಡದ ಪಂದ್ಯಕ್ಕೆ ಅಂಕಪಟ್ಟಿಯಿಲ್ಲ.

ಇಲ್ಲಿಗೆ ಬಂದಾಗ ನನಗೆ ಒಂದು ಹಳೆಯ ನೋಟುಪುಸ್ತಕದ ನೆನಪಾಗುತ್ತದೆ. ಉಪಾಧ್ಯಾಯನಾಗಿದ್ದಷ್ಟು ಕಾಲವೂ ನಾನು ಪ್ರತಿ ಜೂನಿನಲ್ಲಿ ಹತ್ತನೆಯ ತರಗತಿಯ ಹುಡುಗರ ಹೆಸರುಗಳನ್ನು ಬರೆದು ಮುಂದೆ ಎರಡು ಗೆರೆ ಎಳೆಯುತ್ತಿದ್ದೆ. ಮೊದಲನೆಯದರಲ್ಲಿ ಅವನ ಹಿಂದಿನ ವರ್ಷದ ಗಣಿತದ ಅಂಕ. ಎರಡನೆಯದರಲ್ಲಿ ಅವನು ಪಬ್ಲಿಕ್ ಪರೀಕ್ಷೆಯಲ್ಲಿ ಗಳಿಸುವನೆಂದು ನನಗೆ ತೋರಿದ ಅಂಕ. ಫಲಿತಾಂಶ ಬಂದ ದಿನ ಹೋಲಿಸಿ ನೋಡುವುದು ನನ್ನ ಗುಟ್ಟಿನ ವಿನೋದ. ಹತ್ತರಲ್ಲಿ ಎಂಟು ಸಲ ನನ್ನ ಊಹೆ ಐದಾರು ಅಂಕಗಳೊಳಗೆ ನಿಜವಾಗುತ್ತಿತ್ತು. ನನ್ನ ಕಣ್ಣಿನ ಬಗ್ಗೆ ನನಗೆ ಹೆಮ್ಮೆಯಿತ್ತು.

ಒಂದು ವರ್ಷ ಒಬ್ಬ ಹುಡುಗನ ಮುಂದೆ 34, 40 ಎಂದು ಬರೆದಿದ್ದೆ. ಮಾತು ಕಡಮೆ, ಹಿಂದಿನ ಬೆಂಚು, ಅಕ್ಷರ ಮಾತ್ರ ಮುದ್ದಾಗಿತ್ತು. ಪರೀಕ್ಷೆಗೆ ಮುಂಚೆ ಅವನ ತಂದೆ ಬಂದು, ಇವನನ್ನು ಮುಂದೆ ವಿಜ್ಞಾನಕ್ಕೆ ಹಾಕಬಹುದೇ ಅಥವಾ ಕೈಕೆಲಸದ ತರಬೇತಿಗೆ ಕಳುಹಿಸಲೇ ಎಂದು ಕೇಳಿದರು. ನಾನು ಹುಡುಗನ ಮುಖ ನೋಡಲಿಲ್ಲ, ಮೇಜಿನ ಖಾನೆಯೊಳಗಿದ್ದ ನೋಟುಪುಸ್ತಕವನ್ನು ನೋಡಿದೆ. “ಗಣಿತ ಇವನಿಗೆ ಒಗ್ಗುವುದಿಲ್ಲ” ಎಂದೆ. ತಂದೆ ಕೈಮುಗಿದು ಹೋದರು. ಹುಡುಗನಿಗೆ 41 ಬಂತು. ನನ್ನ ಊಹೆ ಒಂದೇ ಅಂಕದಿಂದ ತಪ್ಪಿತ್ತು. ಆಮೇಲೆ ನಾನು ಅವನನ್ನು ಕಾಣಲಿಲ್ಲ.

ಮೊಮ್ಮಗನ ಆಟದಲ್ಲಿ ಸಾಧ್ಯತೆ ಕಡಮೆಯೆಂದು ಕಂಡ ಹುಡುಗನನ್ನು ಬೆಂಚಿನ ಮೇಲೆ ಕೂರಿಸುತ್ತಾರೆ. ಕುಳಿತವನು ಬೆಳೆಯುವುದಿಲ್ಲ, ಆಡುವ ಅವಕಾಶವೇ ಬೆಳವಣಿಗೆಗೆ ಆಹಾರವೆಂದು ಆಟದ ಕರ್ತೃ ನಿಯಮ ಮಾಡಿದ್ದಾನೆ. ಎರಡು ವರ್ಷ ಕಳೆದ ಮೇಲೆ ಶೋಧಕ, “ನಾನು ಅಂದೇ ಹೇಳಿರಲಿಲ್ಲವೆ?” ಎನ್ನುತ್ತಾನೆ. ಅದನ್ನು ಮೊಮ್ಮಗ ವಿವರಿಸುತ್ತಿದ್ದಾಗ ನನಗೆ ನನ್ನ ತರಗತಿ ಕಾಣಿಸಿತು. ನೋಟುಪುಸ್ತಕದಲ್ಲಿ 85 ಪಡೆದವರನ್ನು ನಾನು ದಿನಕ್ಕೊಮ್ಮೆಯಾದರೂ ಕರಿಹಲಗೆಗೆ ಕರೆಯುತ್ತಿದ್ದೆ. 40 ಪಡೆದವನನ್ನು ಆ ವರ್ಷವೆಲ್ಲ ಎಷ್ಟು ಸಲ ಕರೆದೆ? ನೆನಪಿಗೆ ಒಂದೂ ಬರುವುದಿಲ್ಲ. ಹಾಗಾದರೆ ನನ್ನ ಊಹೆಗಳು ನಿಜವಾದದ್ದರಲ್ಲಿ ಕಣ್ಣಿನ ಪಾಲೆಷ್ಟು, ಕೈಯ ಪಾಲೆಷ್ಟು? ಗಣಕದ ಆಟದಲ್ಲಿ ಬೇಕಾದರೆ ಶೋಧಕರ ವ್ಯವಸ್ಥೆಯನ್ನೇ ಮುಚ್ಚಿ, ಎಲ್ಲರ ನಿಜವಾದ ಅಂಕಗಳನ್ನು ನೋಡುವ ಒಂದು ಗುಂಡಿಯಿದೆ. ನಮ್ಮ ಶಾಲೆಯಲ್ಲಿ ಅಂಥದಿರಲಿಲ್ಲ.

ನಮ್ಮ ಬಡಾವಣೆ ಇಂದು ಎರಡನೆಯ ಅಂಕಣಗಳ ಬೀಡು. ಬನ್ನೇರುಘಟ್ಟ ರಸ್ತೆಯ ಬದಿಯಲ್ಲಿ ಬಾಲಕೃಷ್ಣ ದೋಶಿಯವರು ರೂಪಿಸಿದ ಭಾರತೀಯ ವ್ಯವಸ್ಥಾಪನಾ ಸಂಸ್ಥೆಯ ಕಲ್ಲುಗೋಡೆಗಳಿವೆ. ಅದರೊಳಗೆ ಕಾಲಿಡಬೇಕಾದರೆ ದೇಶದ ಲಕ್ಷಾಂತರ ತರುಣರ ನಡುವೆ ತಾನೆಲ್ಲಿ ನಿಂತಿದ್ದೇನೆಂಬುದನ್ನು ದಶಾಂಶಗಳಲ್ಲಿ ತೋರಿಸಬೇಕು. ಅದರ ಸುತ್ತಣ ಬೀದಿಗಳಲ್ಲಿ ತರಬೇತಿಯ ತರಗತಿಗಳ ಹಲಗೆಗಳು. ಅಂಥ ಒಂದು ಕಡೆ ನಮ್ಮ ಮೊಮ್ಮಗನೂ ಹೋಗುತ್ತಾನೆ. ಸೇರಿದ ಮೊದಲ ವಾರವೇ ಮೂರು ಗಂಟೆಯ ಒಂದು ಪರೀಕ್ಷೆ ಮಾಡಿ ಹುಡುಗರನ್ನು ಮೂರು ತಂಡಗಳಾಗಿ ವಿಂಗಡಿಸಿದರಂತೆ. ಒಳ್ಳೆಯ ಅಧ್ಯಾಪಕರು ಮೊದಲ ತಂಡಕ್ಕೆ. ನಮ್ಮವನು ಮೂರನೆಯದರಲ್ಲಿದ್ದಾನೆ. ಇದನ್ನು ಅವನು ನನಗೆ ಹೇಳಿದ್ದು ಪರದೆಯಿಂದ ಕಣ್ಣು ತೆಗೆಯದೆ, ಬೇರೆ ಯಾರದೋ ಸುದ್ದಿ ಹೇಳುವವನಂತೆ.

ಮಗಳಿಗೆ ಹೇಳಿ ಆಟವನ್ನು ನಿಲ್ಲಿಸಬೇಕೆಂದಿದ್ದ ನಾನು ಸುಮ್ಮನಾದೆ. ಬದಲಿಗೆ ಅವನಿಗೂ ನನಗೂ ಒಂದು ಒಪ್ಪಂದವಾಯಿತು: ಒಂಬತ್ತು ಗಂಟೆಯವರೆಗೆ ಕಲನಶಾಸ್ತ್ರ, ಅದೂ ನನ್ನೆದುರು, ಗೋಡೆಗೆ ತಗುಲಿಸಿದ ಹಳೆಯ ಕರಿಹಲಗೆಯ ಮೇಲೆ, ಆಮೇಲೆ ಅರ್ಧ ಗಂಟೆ ತಂಡದ ವ್ಯವಹಾರ. ಸೀಮೆಸುಣ್ಣ ಅವನ ಕೈಯಲ್ಲಿ, ನಾನು ಕುರ್ಚಿಯಲ್ಲಿ. ಹುಡುಗ ನಿಧಾನ, ಆದರೆ ಒಮ್ಮೆ ಹಿಡಿದದ್ದನ್ನು ಬಿಡುವವನಲ್ಲ.

ಕಳೆದ ತಿಂಗಳು ಅವನ ತಂಡದಲ್ಲಿ ಒಬ್ಬನನ್ನು ಕೈಬಿಡಬೇಕಾಗಿ ಬಂತು. ಸರದಿಯಲ್ಲಿದ್ದವನು ವೆನೆಜುವೆಲದಿಂದ ಬಂದನೆಂದು ಯಂತ್ರ ಹೇಳುವ ಹತ್ತೊಂಬತ್ತು ವರ್ಷದ ಎಸೆಗಾರ. ನಮ್ಮ ಶೋಧಕನ ಲೆಕ್ಕದಲ್ಲಿ ಅವನ ಸಾಧ್ಯತೆ 35. ಮಂಡಳಿಯ ಲೆಕ್ಕದಲ್ಲಿ 50. “ಹೋದ ವರ್ಷ ಅವನು ಎಷ್ಟು ಇನ್ನಿಂಗ್ಸ್ ಎಸೆದಿದ್ದಾನೆ?” ಎಂದು ಕೇಳಿದೆ. ಹುಡುಗ ಹುಡುಕಿ, “ಹನ್ನೊಂದು” ಎಂದ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅವನು ಆ ಎಸೆಗಾರನನ್ನು ಕೆಳದರ್ಜೆಯ ತಂಡಕ್ಕೆ ಕಳುಹಿಸಿ, ಐದು ದಿನಕ್ಕೊಮ್ಮೆ ಪಂದ್ಯವನ್ನು ಆರಂಭಿಸುವ ಸರದಿಗೆ ಹಾಕಿದ.

ನಿನ್ನೆ ರಾತ್ರಿ ಇಬ್ಬರೂ ಕುಳಿತು ಅವನ ಆಟ ನೋಡಿದೆವು. ಆರು ಇನ್ನಿಂಗ್ಸ್ ಎಸೆದ, ನಾಲ್ಕು ರನ್ ಬಿಟ್ಟುಕೊಟ್ಟ, ತಂಡ ಸೋತಿತು. ಹತೋಟಿಯ ಅಂಕ 30 ಇದ್ದದ್ದು 35 ಆಗಿದೆ. ಎರಡನೆಯ ಅಂಕಣ ಇದ್ದಲ್ಲಿಯೇ ಇದೆ. ಗುರುವಾರ ಅವನ ಸರದಿ ಮತ್ತೆ ಬರುತ್ತದೆ.